ಆಳಿದನು, ಆಳಿದಳು: ಒಂದೇ ಅಧ್ಯಾಯದಲ್ಲಿ ಎರಡು ಬಾರಿ ಬಂದ ಮೆರ್ನೈತ್

ಈ ಪ್ರಕರಣದಲ್ಲಿ ಬರುವ ಲೇಖಕಿ, ಪರಿಶೀಲಕರು, ಚಿತ್ರಕಾರ ಮತ್ತು ಸಂಪಾದಕ ಬಳಗದವರ ಹೆಸರು, ಊರು, ಪುಸ್ತಕದ ಶೀರ್ಷಿಕೆ ಯಾವುದನ್ನೂ ಇಲ್ಲಿ ಹೇಳಿಲ್ಲ. ಈಜಿಪ್ಟಿನವರ ಹೆಸರುಗಳು ಮಾತ್ರ ಇದ್ದಂತೆಯೇ ಇವೆ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಮೆರ್ನೈತ್ ಎಂಬ ಹೆಣ್ಣುಮಗಳ ಗುರುತನ್ನು ನಾವು ಮರೆಮಾಡಬೇಕಾದ ಅಗತ್ಯವಿಲ್ಲ. ಆ ಗುರುತು ಮರೆಯಾಗಿದ್ದುದರಿಂದಲೇ ಈ ಪ್ರಕರಣ ಹುಟ್ಟಿಕೊಂಡಿತು.

ಹಿನ್ನೆಲೆ

ಪ್ರಾಚೀನ ನಾಗರಿಕತೆಗಳನ್ನು ಕುರಿತು ಪದವಿ ವಿದ್ಯಾರ್ಥಿಗಳಿಗೂ ಆಸಕ್ತ ಓದುಗರಿಗೂ ಹೊಂದುವಂತಹ ಪುಸ್ತಕವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನಡೆದಿತ್ತು. ಸಂಪಾದಕ ಬಳಗದಲ್ಲಿ ನಾನೂ ಒಬ್ಬನಾಗಿದ್ದೆ. ‘ಆರಂಭಕಾಲದ ಈಜಿಪ್ಟಿನಲ್ಲಿ ಸ್ತ್ರೀಯರು’ ಎಂಬ ಅಧ್ಯಾಯವನ್ನು ಇತಿಹಾಸದ ಅಧ್ಯಾಪಕಿಯೊಬ್ಬರಿಗೆ ಒಪ್ಪಿಸಿದ್ದೆವು. ಅವರು ಶ್ರದ್ಧೆಯಿಂದ ಓದುವವರು, ಸಿಕ್ಕಿದ್ದನ್ನೆಲ್ಲ ಟಿಪ್ಪಣಿ ಮಾಡಿಕೊಳ್ಳುವವರು. ಹಳೆಯ ಗ್ರಂಥಾಲಯದ ಪುಸ್ತಕಗಳನ್ನೂ ಈಚಿನ ಲೇಖನಗಳನ್ನೂ ಸಮಾನ ಗೌರವದಿಂದ ಬಳಸಿಕೊಂಡಿದ್ದರು. ತೊಡಕು ಶುರುವಾದದ್ದು ಆ ಸಮಾನ ಗೌರವದಿಂದಲೇ ಎಂಬುದು ನಮಗೆ ಆಮೇಲೆ ತಿಳಿಯಿತು.

ಅವರ ಕರಡು ಒಂದು ದಿಟ್ಟ ವಾಕ್ಯದಿಂದ ಆರಂಭವಾಗುತ್ತಿತ್ತು: ಪ್ರಾಚೀನ ಈಜಿಪ್ಟಿನಲ್ಲಿ ಸ್ತ್ರೀಯರು ಪುರುಷರಿಗೆ ಸರಿಸಮಾನರಾಗಿದ್ದರು. ಅದಕ್ಕೆ ಆಧಾರವಾಗಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಮಾತು ಬರುತ್ತಿತ್ತು. ಈಜಿಪ್ಟಿನಲ್ಲಿ ಹೆಂಗಸರು ಪೇಟೆಗೆ ಹೋಗಿ ವ್ಯಾಪಾರ ಮಾಡುತ್ತಾರೆ, ಗಂಡಸರು ಮನೆಯಲ್ಲಿ ಕುಳಿತು ನೇಯುತ್ತಾರೆ ಎಂದು ಅವನು ಬರೆದಿದ್ದಾನೆ. ಅದರ ಬೆನ್ನಿಗೇ ಹತ್‌ಶೆಪ್ಸುತ್, ಕ್ಲಿಯೋಪಾತ್ರ, ಆಸ್ತಿಯ ಒಪ್ಪಂದ ಮಾಡಿಕೊಂಡ ಹೆಂಡತಿಯರು, ವೈದ್ಯೆಯರು. ಓದಲು ಸೊಗಸಾಗಿದ್ದ ಬರಹವಾದ್ದರಿಂದ ಬಳಗದ ನಾವು ಮೂವರೂ ಮೊದಲ ಓದಿನಲ್ಲಿ ಒಪ್ಪಿಗೆ ಕೊಟ್ಟೆವು. ಈ ತಪ್ಪಿನಲ್ಲಿ ನನ್ನದೂ ಪಾಲಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಮಸ್ಯೆ ಕಂಡ ಬಗೆ

ಕರಡನ್ನು ಹಿರಿಯ ಪರಿಶೀಲಕರೊಬ್ಬರಿಗೆ ಕಳುಹಿಸಿದೆವು. ಮೂರು ವಾರಗಳ ಬಳಿಕ ಅದು ಎರಡು ಪುಟಗಳಲ್ಲಷ್ಟೇ ಪೆನ್ಸಿಲ್ ಗುರುತು ಹೊತ್ತು ಮರಳಿತು. ನಾಲ್ಕನೆಯ ಪುಟದಲ್ಲಿ, ಮೊದಲ ರಾಜವಂಶದ ಅರಸರನ್ನು ಪಟ್ಟಿಮಾಡುವಾಗ, ಲೇಖಕಿಯವರು ಹೀಗೆ ಬರೆದಿದ್ದರು: ‘ಜೆಟ್‌ನ ಬಳಿಕ ಮೆರ್ನೈತ್ ಎಂಬ ದೊರೆ ಪಟ್ಟಕ್ಕೆ ಬಂದನು; ಅಬಿಡೋಸ್‌ನಲ್ಲಿ ಅವನ ಭವ್ಯ ಸಮಾಧಿಯಿದೆ.’ ಹನ್ನೊಂದನೆಯ ಪುಟದಲ್ಲಿ, ರಾಜಮನೆತನದ ಸ್ತ್ರೀಯರನ್ನು ಕುರಿತ ಭಾಗದಲ್ಲಿ, ‘ಡೆನ್ ಇನ್ನೂ ಬಾಲಕನಾಗಿದ್ದಾಗ ಅವನ ತಾಯಿ ಮೆರೆತ್-ನೈತ್ ರಾಜ್ಯವನ್ನು ಆಳಿದಳು’ ಎಂದಿತ್ತು. ಎರಡಕ್ಕೂ ಗೆರೆ ಎಳೆದು, ಪರಿಶೀಲಕರು ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ‘ಈ ಇಬ್ಬರೂ ಒಂದೇ ಸಮಾಧಿಯಲ್ಲಿ ಮಲಗಿದ್ದಾರಲ್ಲ!’

ಮೊದಲನೆಯದು ಹಳೆಯ ಪುಸ್ತಕದಿಂದ ಬಂದಿತ್ತು, ಎರಡನೆಯದು ಈಚಿನ ಲೇಖನದಿಂದ. ಹೆಸರಿನ ಕಾಗುಣಿತ ಬೇರೆಯಾಗಿದ್ದುದರಿಂದ ಒಬ್ಬಳೇ ವ್ಯಕ್ತಿ ಒಂದು ಕಡೆ ಗಂಡಾಗಿ, ಮತ್ತೊಂದು ಕಡೆ ಹೆಣ್ಣಾಗಿ ಕಾಣಿಸಿಕೊಂಡಿದ್ದನ್ನು ಯಾರೂ ಗಮನಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೆ ಈ ತಪ್ಪು ಇನ್ನಷ್ಟು ಕಾಲ ಅಡಗಿರಬಹುದಿತ್ತು. ಕನ್ನಡದ ಕ್ರಿಯಾಪದ ಅಂತಹ ಅವಕಾಶವನ್ನು ಕೊಡುವುದಿಲ್ಲ. ‘ಆಳಿದ’ ಎಂಬಲ್ಲಿಗೆ ವಾಕ್ಯ ಮುಗಿಯಬೇಕಾದರೆ ನು, ಳು, ರು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ‘ಮೆರ್ನೈತನ ಸಮಾಧಿ’ಯೋ ‘ಮೆರ್ನೈತಳ ಸಮಾಧಿ’ಯೋ ಎಂದು ವಿಭಕ್ತಿಯಲ್ಲೇ ತೀರ್ಮಾನ ಕೊಡಬೇಕು. ಲೇಖಕಿಯವರು ಎರಡು ಆಧಾರಗಳಿಂದ ಎರಡು ವಾಕ್ಯ ತಂದಾಗ, ಆ ಆಧಾರಗಳು ಮುಚ್ಚಿಟ್ಟಿದ್ದ ಊಹೆ ಭಾಷೆಯ ಮೂಲಕ ಹೊರಬಿತ್ತು.

ಹಳೆಯ ಪುಸ್ತಕ ಹಾಗೆ ಹೇಳಿದ್ದೇಕೆ

ನಾವು ಮೊದಲು ಕೇಳಿಕೊಂಡದ್ದು ತಪ್ಪು ಯಾರದು ಎಂಬುದನ್ನು. ಅದು ಉಪಯೋಗಕ್ಕೆ ಬಾರದ ಪ್ರಶ್ನೆಯಾಗಿತ್ತು. ಹಳೆಯ ಪುಸ್ತಕದವನು ಯಾವ ಆಧಾರದಿಂದ ‘ದೊರೆ’ ಎಂದ ಎಂದು ಕೇಳಿದ ಮೇಲೆಯೇ ಕೆಲಸ ಮುಂದೆ ಸಾಗಿತು.

ಅಬಿಡೋಸ್‌ನ ಮರುಭೂಮಿಯಲ್ಲಿ ಉಮ್ಮ್ ಎಲ್-ಕಾಬ್ ಎಂಬ ಜಾಗವಿದೆ. ಅರಬ್ಬಿಯಲ್ಲಿ ಆ ಹೆಸರಿಗೆ ‘ಮಡಕೆಗಳ ತಾಯಿ’ ಎಂದರ್ಥ. ಶತಮಾನಗಳ ಕಾಲ ಭಕ್ತರು ತಂದಿಟ್ಟ ಹರಕೆಯ ಪಾತ್ರೆಗಳ ಚೂರುಗಳು ಅಲ್ಲಿ ರಾಶಿ ರಾಶಿಯಾಗಿ ಬಿದ್ದಿವೆ. ಈಜಿಪ್ಟಿನ ಮೊದಲ ರಾಜವಂಶದ ಅರಸರ ಸಮಾಧಿಗಳಿರುವುದು ಅಲ್ಲಿಯೇ. 1890ರ ದಶಕದಲ್ಲಿ ಫ್ರಾನ್ಸಿನ ಅಮೆಲಿನೋ ಅಲ್ಲಿ ಅವಸರದಿಂದ ಅಗೆದಿದ್ದ. ಅವನು ಬಿಟ್ಟುಹೋದ ಜಾಗವನ್ನು ಇಂಗ್ಲೆಂಡಿನ ಫ್ಲಿಂಡರ್ಸ್ ಪೆಟ್ರಿ ಶತಮಾನದ ತಿರುವಿನಲ್ಲಿ ಮತ್ತೆ ಕ್ರಮಬದ್ಧವಾಗಿ ಅಗೆದು, ಸಮಾಧಿಗಳಿಗೆ ರೋಮನ್ ಅಕ್ಷರಗಳ ಗುರುತು ಕೊಟ್ಟು, 1900ರಲ್ಲಿ ವರದಿಯನ್ನು ಪ್ರಕಟಿಸಿದ. ಅವುಗಳಲ್ಲಿ ‘ವೈ’ ಗುರುತಿನ ಸಮಾಧಿಯ ಬಳಿ ಹೆಸರು ಕೆತ್ತಿದ ಶಿಲಾಫಲಕ ಸಿಕ್ಕಿತು. ಸಮಾಧಿ ಹಸಿ ಇಟ್ಟಿಗೆಯದು, ನೆಲದಡಿಯ ಕೋಣೆಯುಳ್ಳದ್ದು, ಸುತ್ತಲೂ ಪರಿವಾರದವರ ಸಣ್ಣ ಸಮಾಧಿಗಳ ಸಾಲು. ಅಕ್ಕಪಕ್ಕದ ಅರಸರ ಸಮಾಧಿಗಳಿಗೂ ಇದಕ್ಕೂ ವಿನ್ಯಾಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅರಸರ ಸ್ಮಶಾನದಲ್ಲಿ ಅರಸನಿಗೆ ತಕ್ಕ ಸಮಾಧಿಯಿದ್ದರೆ ಅದರಲ್ಲಿದ್ದವನು ಅರಸನೇ ಇರಬೇಕು ಎಂದು ಪೆಟ್ರಿ ಭಾವಿಸಿದ. ಹೀಗೆ ಮೆರ್ನೈತ್ ಗಂಡಸರ ಸಾಲಿಗೆ ಸೇರಿದಳು.

ಅದೇ ಪೆಟ್ರಿ, ಅದೇ ಸ್ಮಶಾನದಲ್ಲಿ, ಜೆರ್ ಎಂಬ ಅರಸನ ಸಮಾಧಿಯಲ್ಲಿ ನಾರುಬಟ್ಟೆ ಸುತ್ತಿದ ಒಂದು ತೋಳನ್ನು ಕಂಡುಕೊಂಡ. ಅದರ ಮೇಲೆ ಚಿನ್ನ ಮತ್ತು ನೀಲಿ ಮಣಿಗಳ ಕಡಗಗಳಿದ್ದವು. ಆ ತೋಳು ರಾಣಿಯದಿರಬೇಕು ಎಂದು ಅವನು ತೀರ್ಮಾನಿಸಿದ. ಕಡಗಗಳು ಕೈರೋ ವಸ್ತುಸಂಗ್ರಹಾಲಯದಲ್ಲಿ ಉಳಿದವು. ತೋಳನ್ನು ಅಲ್ಲಿಯೇ ಎಸೆದುಬಿಟ್ಟರು. ಅದು ಹೆಣ್ಣಿನದೋ ಗಂಡಿನದೋ, ಅಥವಾ ಸ್ವತಃ ಜೆರ್‌ನದೋ ಎಂದು ಪರೀಕ್ಷಿಸುವ ದಾರಿ ಅಲ್ಲಿಗೆ ಮುಚ್ಚಿತು. ದೊಡ್ಡ ಗೋರಿ ಕಂಡರೆ ಗಂಡಸು, ಒಡವೆ ಕಂಡರೆ ಹೆಂಗಸು: ಈ ಎರಡು ಊಹೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ನಮಗೆ ಹಳೆಯ ಪುಸ್ತಕದ ವಾಕ್ಯ ಎಲ್ಲಿಂದ ಬಂತೆಂಬುದು ಸ್ಪಷ್ಟವಾಯಿತು. ಪೆಟ್ರಿ ಅಜಾಗರೂಕ ಮನುಷ್ಯನಾಗಿರಲಿಲ್ಲ. ಅವನ ಕಾಲದ ಅತ್ಯಂತ ಎಚ್ಚರದ ಉತ್ಖನನಕಾರರಲ್ಲಿ ಅವನೂ ಒಬ್ಬ. ಆದ್ದರಿಂದಲೇ ಈ ಉದಾಹರಣೆಗೆ ಬೆಲೆ.

ಫಲಕದಲ್ಲಿಯೇ ಎರಡು ಸುಳಿವುಗಳಿದ್ದವು. ಮೊದಲನೆಯದು ಹೆಸರು. ಅದರ ಅರ್ಥ ‘ನೈತ್ ದೇವಿಗೆ ಪ್ರಿಯಳಾದವಳು’. ನೈತ್ ನೈಲ್ ನದೀಮುಖದ ಸಾಯಿಸ್ ಪಟ್ಟಣದ ದೇವತೆ. ಅಡ್ಡಲಾಗಿ ಇಟ್ಟ ಬಾಣಗಳು ಅವಳ ಲಾಂಛನ. ಮೊದಲ ರಾಜವಂಶದ ನೈತ್-ಹೋಟೆಪ್, ಹೆರ್-ನೈತ್ ಮೊದಲಾದ ರಾಜಸ್ತ್ರೀಯರ ಹೆಸರುಗಳಲ್ಲಿ ಈ ದೇವಿ ಮತ್ತೆ ಮತ್ತೆ ಬರುತ್ತಾಳೆ. ಈಜಿಪ್ಟಿನ ಭಾಷೆಯಲ್ಲಿ ಸ್ತ್ರೀಲಿಂಗಕ್ಕೆ ‘ತ್’ ಪ್ರತ್ಯಯವಿದೆಯಾದರೂ ಆರಂಭಕಾಲದ ಬರಹದಲ್ಲಿ ಅದನ್ನು ಹಲವು ಬಾರಿ ಬರೆಯದೇ ಬಿಡುತ್ತಿದ್ದರು. ಮೆರ್, ಮೆರೆತ್ ಎಂಬ ಎರಡು ಕಾಗುಣಿತಗಳು ನಮ್ಮ ಕರಡಿಗೆ ಬಂದದ್ದು ಇದರಿಂದಲೇ. ಎರಡನೆಯ ಸುಳಿವು, ಇಲ್ಲದಿದ್ದ ಒಂದು ಗುರುತು. ಆ ಕಾಲದ ಅರಸನ ಹೆಸರನ್ನು ಅರಮನೆಯ ಮುಂಗೋಡೆಯನ್ನು ಹೋಲುವ ಚೌಕಟ್ಟಿನೊಳಗೆ ಬರೆದು, ಮೇಲೆ ಹೋರಸ್ ದೇವನ ಗಿಡುಗವನ್ನು ಕೂರಿಸುತ್ತಿದ್ದರು. ಮೆರ್ನೈತಳ ಫಲಕದಲ್ಲಿ ಚೌಕಟ್ಟೂ ಇಲ್ಲ, ಗಿಡುಗವೂ ಇಲ್ಲ. ಹೆಸರು ಮಾತ್ರ ಇದೆ.

ಮಾಡಿ ನೋಡಿದ ತಿದ್ದುಪಡಿಗಳು

ಮೊದಲ ತಿದ್ದುಪಡಿ ಸುಲಭದ್ದಾಗಿತ್ತು. ನಾಲ್ಕನೆಯ ಪುಟದಲ್ಲಿ ‘ಬಂದನು’ ಇದ್ದಲ್ಲಿ ‘ಬಂದಳು’ ಎಂದೂ ‘ದೊರೆ’ ಇದ್ದಲ್ಲಿ ‘ರಾಣಿ’ ಎಂದೂ ಬದಲಿಸಿದೆವು. ಅರ್ಧ ಗಂಟೆಯ ಕೆಲಸ. ಪರಿಶೀಲಕರು ಅದನ್ನು ಒಪ್ಪಲಿಲ್ಲ. ‘ರಾಣಿ’ ಎಂಬ ಶಬ್ದಕ್ಕೆ ಈಜಿಪ್ಟಿನ ಭಾಷೆಯಲ್ಲಿ ಸಮಾನವಾದ ಪದ ಯಾವುದು ಎಂದು ಕೇಳಿದರು.

ಉತ್ತರ ಹುಡುಕಲು ಹೋದಾಗ ಅಧ್ಯಾಯದ ಬುಡವೇ ಅಲುಗಾಡಿತು. ಕನ್ನಡದಲ್ಲಿ ಅರಸನಿಗೆ ಅರಸಿ ಇದ್ದಾಳೆ. ಗಂಡ ಇರಲಿ ಬಿಡಲಿ, ಪಟ್ಟದಲ್ಲಿ ಕುಳಿತವಳನ್ನೂ ಪಟ್ಟದವನ ಮಡದಿಯನ್ನೂ ಆ ಒಂದೇ ಪದ ಸೂಚಿಸುತ್ತದೆ. ಈಜಿಪ್ಟಿನ ಭಾಷೆಯಲ್ಲಿ ಹಾಗೆ ಸ್ವತಂತ್ರವಾಗಿ ನಿಲ್ಲುವ ಪದವಿಲ್ಲ. ‘ಅರಸನ ಹೆಂಡತಿ’, ‘ಅರಸನ ತಾಯಿ’, ‘ಅರಸನ ಮಗಳು’ ಎಂಬ ಬಿರುದುಗಳಿವೆ. ಮೊದಲ ರಾಜವಂಶದಿಂದಲೇ ‘ಹೋರಸ್ ಮತ್ತು ಸೇತ್‌ನನ್ನು ಕಾಣುವವಳು’ ಎಂಬ ವಿಚಿತ್ರ ಬಿರುದೂ ಇದೆ. ಅರಸನಲ್ಲಿ ಆ ಎರಡೂ ದೇವರುಗಳು ನೆಲೆಸಿದ್ದಾರೆಂಬ ನಂಬಿಕೆಯಿದ್ದುದರಿಂದ, ಅವನ ಸನ್ನಿಧಿಗೆ ಹತ್ತಿರವಿರುವವಳು ಎಂಬುದೇ ಅದರ ತಾತ್ಪರ್ಯ. ಈ ಬಿರುದುಗಳೆಲ್ಲ ಹೆಣ್ಣನ್ನು ಅರಸನಿಗೆ ಅವಳು ಏನಾಗಬೇಕು ಎಂಬುದರಿಂದ ಗುರುತಿಸುತ್ತವೆ. ನಾವು ‘ರಾಣಿ’ ಎಂದು ಬರೆದ ಕೂಡಲೇ ಆ ಸಂಬಂಧವನ್ನು ಅಳಿಸಿ, ಇಲ್ಲದ ಒಂದು ಹುದ್ದೆಯನ್ನು ಅವಳಿಗೆ ಕೊಟ್ಟಂತಾಗುತ್ತಿತ್ತು.

ಎರಡನೆಯ ಪ್ರಯತ್ನ ನನ್ನದು. ಈಗ ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ. ‘ಮೆರ್ನೈತ್ ಅವರು ಆಳಿದರು’ ಎಂದು ಬಹುವಚನದಲ್ಲಿ ಬರೆದುಬಿಟ್ಟರೆ ಲಿಂಗದ ಪ್ರಶ್ನೆಯೇ ಏಳುವುದಿಲ್ಲವಲ್ಲ ಎಂದು ಸೂಚಿಸಿದೆ. ಲೇಖಕಿಯವರು ತಕ್ಷಣ ತಳ್ಳಿಹಾಕಿದರು. ‘ಸರ್, ನಾರ್ಮೆರ್ ಬಂದನು, ಡೆನ್ ಬಂದನು ಅಂತ ಬರೆದು ಇವಳೊಬ್ಬಳಿಗೇ ಬಂದರು ಅಂದರೆ, ಮರ್ಯಾದೆ ಕೊಟ್ಟ ಹಾಗೆ ಕಾಣುತ್ತದೆಯೇ ಹೊರತು ಗೊತ್ತಿರುವುದನ್ನು ಹೇಳಿದ ಹಾಗೆ ಆಗುವುದಿಲ್ಲ’ ಎಂದರು. ಅವರ ಮಾತು ನಿಜವಾಗಿತ್ತು. ಅವಳು ಹೆಣ್ಣು ಎಂಬುದರಲ್ಲಿ ಸಂದೇಹವೇ ಉಳಿದಿರಲಿಲ್ಲ. ಸಂದೇಹವಿದ್ದದ್ದು ಅವಳು ಏನು ಮಾಡಿದಳು ಎಂಬುದರಲ್ಲಿ. ಪ್ರತ್ಯಯವನ್ನು ಮಸುಕು ಮಾಡುವುದರಿಂದ ಕ್ರಿಯಾಪದದ ಸಂದೇಹ ಬಗೆಹರಿಯುತ್ತಿರಲಿಲ್ಲ.

ತಿರುವು: ಎರಡು ಮುದ್ರೆಗಳು

1985ರಲ್ಲಿ ಜರ್ಮನ್ ಪುರಾತತ್ವ ಸಂಸ್ಥೆಯವರು ಉಮ್ಮ್ ಎಲ್-ಕಾಬ್‌ನಲ್ಲಿ ಡೆನ್ ಅರಸನ ಸಮಾಧಿಯನ್ನು ಮರಳಿ ಶೋಧಿಸುವಾಗ, ಜೇಡಿಮಣ್ಣಿನ ಮೇಲೆ ಉರುಳುಮುದ್ರೆಯೊಂದು ಮೂಡಿಸಿದ ಅಚ್ಚುಗಳು ಸಿಕ್ಕಿದವು. ಅವನ್ನು ಜೋಡಿಸಿ ಓದಿದಾಗ ಸ್ಮಶಾನದ ದೇವರಾದ ಖೆಂಟಿಯಾಮೆಂಟಿಯುವಿನ ಹೆಸರಿನೊಂದಿಗೆ ಅರಸರ ಸಾಲು ದೊರಕಿತು: ನಾರ್ಮೆರ್, ಅಹಾ, ಜೆರ್, ಜೆಟ್, ಡೆನ್, ಅವರ ಜೊತೆಗೆ ‘ಅರಸನ ತಾಯಿ ಮೆರ್ನೈತ್’. ಅವಳಿಗೆ ತೀರ ಹತ್ತಿರದ ಕಾಲದ ಅಧಿಕೃತ ದಾಖಲೆಯೊಂದು, ಅರಸರ ಪಟ್ಟಿಯಲ್ಲಿ ಅವಳನ್ನು ಸೇರಿಸಿದೆ ಎಂಬುದು ಇದರಿಂದ ಖಚಿತವಾಯಿತು.

ಲೇಖಕಿಯವರು ಈ ದಾಖಲೆಯನ್ನು ತಂದಾಗ ನಮ್ಮ ಬಳಗದಲ್ಲಿ ಸಂಭ್ರಮವೇ ಆಯಿತು. ಹಾಗಾದರೆ ಅವಳು ಆಳಿದಳು, ನಾಲ್ಕನೆಯ ಪುಟದ ಪಟ್ಟಿಯಲ್ಲಿ ಅವಳನ್ನು ಐದನೆಯವಳಾಗಿ ಉಳಿಸಿಕೊಳ್ಳೋಣ ಎಂದು ಬಹುತೇಕ ತೀರ್ಮಾನಿಸಿದ್ದೆವು. ಆಗ ಪರಿಶೀಲಕರು ಇನ್ನೊಂದು ಮುದ್ರೆಯ ನೆನಪು ಮಾಡಿದರು. ಅದೇ ಸಂಸ್ಥೆಯವರು ಮುಂದೆ ಅದೇ ವಂಶದ ಕೊನೆಯ ಅರಸ ಕಾಅನ ಸಮಾಧಿಯಲ್ಲಿ ಕಂಡುಕೊಂಡ ಮುದ್ರೆಯ ಅಚ್ಚಿನಲ್ಲಿ ನಾರ್ಮೆರ್‌ನಿಂದ ಕಾಅನವರೆಗೆ ಎಂಟು ಅರಸರ ಹೆಸರಿದೆ. ಮೆರ್ನೈತ್ ಇಲ್ಲ.

ಮೂರು ತಲೆಮಾರುಗಳ ಅಂತರದಲ್ಲಿ ಒಂದು ಪಟ್ಟಿ ಅವಳನ್ನು ಹೇಳುತ್ತದೆ, ಮತ್ತೊಂದು ಬಿಡುತ್ತದೆ. ಸಾವಿರದ ಆರುನೂರಕ್ಕೂ ಹೆಚ್ಚು ವರ್ಷಗಳ ನಂತರ, ಅದೇ ಅಬಿಡೋಸ್‌ನಲ್ಲಿ ಸೇತಿ ಅರಸ ತನ್ನ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ 76 ಅರಸರ ಪಟ್ಟಿಯಲ್ಲೂ ಅವಳ ಹೆಸರಿಲ್ಲ. ಇದನ್ನು ಅಳಿಸಿಹಾಕಿದ ಸಂಚು ಎಂದು ಬರೆಯುವ ಆಸೆ ನಮ್ಮಲ್ಲಿ ಕೆಲವರಿಗಿತ್ತು. ಓದುಗರಿಗೂ ಅದು ಹಿಡಿಸುತ್ತಿತ್ತು. ಆದರೆ ಮೊದಲ ಮುದ್ರೆಯನ್ನು ಮತ್ತೊಮ್ಮೆ ಓದಿದಾಗ ಕಂಡದ್ದು ಬೇರೆ. ಅವಳನ್ನು ಪಟ್ಟಿಗೆ ಸೇರಿಸಿದವರೂ ಅವಳನ್ನು ಅರಸ ಎಂದಿಲ್ಲ. ಉಳಿದವರ ಹೆಸರಿಗೆ ಇರುವ ಹೋರಸ್ ಪದವಿ ಅವಳಿಗಿಲ್ಲ. ಇರುವುದು ‘ಅರಸನ ತಾಯಿ’. ಅಧಿಕಾರ ಅವಳಲ್ಲಿತ್ತು, ಆದರೆ ಮಗನ ಹೆಸರಿನಲ್ಲಿತ್ತು. ಮಗ ಬೆಳೆದು ದೀರ್ಘಕಾಲ ಆಳಿದ ಮೇಲೆ, ಅವನ ಮೊಮ್ಮಕ್ಕಳ ಕಾಲದ ಪಟ್ಟಿಗೆ ಅಜ್ಜಿಯ ಹೆಸರು ಬೇಕಾಗಲಿಲ್ಲ.

ಇದೇ ಮಾದರಿ ಮುಂದೆಯೂ ಕಾಣುತ್ತದೆ. ಆರನೆಯ ರಾಜವಂಶದಲ್ಲಿ ಎಳೆಯ ಎರಡನೆಯ ಪೇಪಿ ಪಟ್ಟಕ್ಕೆ ಬಂದಾಗ ಅವನ ತಾಯಿ ರಾಜ್ಯಭಾರದಲ್ಲಿ ಪಾಲುಗೊಂಡಿದ್ದಳು. ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ಪುಟ್ಟ ಶಿಲ್ಪದಲ್ಲಿ ಅವಳ ತೊಡೆಯ ಮೇಲೆ ಪೇಪಿ ಅಡ್ಡಲಾಗಿ ಕುಳಿತಿದ್ದಾನೆ. ಗಾತ್ರದಲ್ಲಿ ಅವನು ಮಗು. ಮೈಕಟ್ಟು ಮತ್ತು ತಲೆಯುಡಿಗೆಯಲ್ಲಿ ಪೂರ್ಣ ಅರಸ. ಮೆರ್ನೈತಳ ಬಿರುದು ಮಾತಿನಲ್ಲಿ ಹೇಳುವುದನ್ನು ಈ ಶಿಲ್ಪ ಕಲ್ಲಿನಲ್ಲಿ ಹೇಳುತ್ತದೆ. ಗೀಜಾದಲ್ಲಿ ಸಮಾಧಿಯುಳ್ಳ ನಾಲ್ಕನೆಯ ರಾಜವಂಶದ ಖೆಂಟ್‌ಕಾವೆಸ್‌ಳ ಬಿರುದಂತೂ ವ್ಯಾಕರಣದ ಒಗಟೇ ಸರಿ: ‘ಇಬ್ಬರು ಅರಸರ ತಾಯಿ’ ಎಂದೂ ‘ಅರಸ ಮತ್ತು ಅರಸನ ತಾಯಿ’ ಎಂದೂ ಅದನ್ನು ಓದಲು ಬರುತ್ತದೆ. ನಮ್ಮ ನು-ಳು ಸಂಕಟಕ್ಕೆ ಹಳೆಯ ನೆಂಟರಿದ್ದಾರೆಂದು ಲೇಖಕಿಯವರು ನಕ್ಕರು.

ಕಾಲಕ್ರಮದಲ್ಲಿ ಮೆರ್ನೈತಳಿಗಿಂತ ಹಿಂದಿನ ನೈತ್-ಹೋಟೆಪ್‌ಳ ಕಥೆಯೂ ಇದರ ಜೋಡಿಯೇ. 1897ರಲ್ಲಿ ನಕಾಡಾದಲ್ಲಿ ಸಿಕ್ಕ ಅವಳ ದೊಡ್ಡ ಸಮಾಧಿಯನ್ನು ಮೊದಲು ಅರಸನದೆಂದೇ ತಿಳಿದಿದ್ದರು. ಅವಳ ಹೆಸರು ಅರಮನೆಯ ಚೌಕಟ್ಟಿನೊಳಗೆ ಬರುವುದುಂಟು. ಮೇಲೆ ಗಿಡುಗದ ಬದಲು ನೈತ್‌ಳ ಬಾಣಗಳಿರುತ್ತವೆ. ಟಾಲೆಮಿ ಅರಸರ ಕಾಲದ ಪುರೋಹಿತ ಮನೆಥೋ, ಎರಡನೆಯ ರಾಜವಂಶದ ಅರಸನೊಬ್ಬನ ಆಳ್ವಿಕೆಯಲ್ಲಿ ಸ್ತ್ರೀಯರೂ ರಾಜಪದವಿ ಹೊಂದಬಹುದೆಂದು ತೀರ್ಮಾನವಾಯಿತು ಎಂದು ಬರೆಯುತ್ತಾನೆ. ಆ ‘ತೀರ್ಮಾನ’ಕ್ಕೆ ಬಹಳ ಮುಂಚೆಯೇ ಅದರ ಪ್ರಯೋಗ ನಡೆದಿತ್ತು ಎಂದಾಯಿತು.

ಎರಡನೆಯ ತಿರುವು: ನಲವತ್ತೊಂದು ಗೋರಿಗಳು

ಇಷ್ಟಾದ ಮೇಲೂ ಅಧ್ಯಾಯದ ಮೊದಲ ವಾಕ್ಯ ಹಾಗೆಯೇ ಇತ್ತು. ಮೆರ್ನೈತಳ ಬಗೆಗೆ ಇಷ್ಟು ಖಚಿತವಾಗಿ ಹೇಳಲು ಬಂದಮೇಲೆ ‘ಸರಿಸಮಾನರು’ ಎಂಬ ಮಾತಿಗೆ ಇನ್ನಷ್ಟು ಬಲ ಬಂತೆಂದೇ ಲೇಖಕಿಯವರು ಭಾವಿಸಿದ್ದರು. ಅದನ್ನು ಅಲುಗಿಸಿದ್ದು ಮತ್ತೆ ಅದೇ ಸಮಾಧಿ.

ವಿಯೆನ್ನಾ ವಿಶ್ವವಿದ್ಯಾಲಯದ ಕ್ರಿಸ್ಟಿಯಾನಾ ಕೋಲರ್ ಅವರ ನೇತೃತ್ವದ ತಂಡ ಇತ್ತೀಚಿನ ವರ್ಷಗಳಲ್ಲಿ ‘ವೈ’ ಸಮಾಧಿಯನ್ನು ಮತ್ತೆ ಅಗೆದಿದೆ. ಅಲ್ಲಿ ನೂರಾರು ದೊಡ್ಡ ದ್ರಾಕ್ಷಾರಸದ ಪಾತ್ರೆಗಳು ಸಿಕ್ಕಿದವೆಂದೂ ಕೆಲವಂತೂ ಮುಚ್ಚಿದ ಮುದ್ರೆ ಒಡೆಯದೆ ಉಳಿದಿದ್ದವೆಂದೂ 2023ರಲ್ಲಿ ಪ್ರಕಟವಾಯಿತು. ಖಜಾನೆಯಂತಹ ಕೇಂದ್ರ ಕಚೇರಿಗಳ ಹೊಣೆ ಅವಳದಾಗಿತ್ತು ಎಂಬುದಕ್ಕೆ ಬರಹಗಳ ಆಧಾರವೂ ದೊರಕಿತು. ಆ ಮೊದಲ ರಾಜಸ್ಮಶಾನದಲ್ಲಿ ತನ್ನದೇ ಆದ ಭವ್ಯ ಸಮಾಧಿಯುಳ್ಳ ಸ್ತ್ರೀ ಅವಳೊಬ್ಬಳೇ. ಸುತ್ತಲಿನ ಸಂಕೀರ್ಣದಲ್ಲಿ ಪರಿವಾರದವರ 41 ಗೋರಿಗಳಿವೆ. ಒಡತಿಯ ಜೊತೆಗೇ ಇವರನ್ನೆಲ್ಲ ಬಲಿಕೊಟ್ಟು ಹೂಳಲಾಯಿತೆಂದು ಹಿಂದಿನವರು ಬರೆಯುತ್ತಿದ್ದರು. ಆದರೆ ಸಮಾಧಿಗಳನ್ನು ಒಂದೇ ಬಾರಿಗೆ ಕಟ್ಟದೆ ಸಾಕಷ್ಟು ದೀರ್ಘ ಅವಧಿಯಲ್ಲಿ ಹಂತ ಹಂತವಾಗಿ ಕಟ್ಟಿದ್ದಾರೆಂದು ಈ ಉತ್ಖನನ ತೋರಿಸಿರುವುದರಿಂದ ಆ ಮಾತು ಈಗ ಗಟ್ಟಿಯಾಗಿ ನಿಲ್ಲುವುದಿಲ್ಲ. ನಮ್ಮ ಕರಡಿನಲ್ಲೂ ನರಬಲಿಯ ರೋಚಕ ಪರಿಚ್ಛೇದವಿತ್ತು. ಅದನ್ನು ತೆಗೆಯುವಾಗ ಸ್ವಲ್ಪ ಹೊಟ್ಟೆಯುರಿಯಿತು ಎಂದರೆ ಸುಳ್ಳಲ್ಲ.

ಈ ಗೋರಿಗಳ ಮುಂದೆ ಪರಿಶೀಲಕರು ಕೇಳಿದ ಪ್ರಶ್ನೆ ಇದು: ಅಧ್ಯಾಯದ ಹೆಸರು ‘ಸ್ತ್ರೀಯರು’ ಎಂದಿದೆಯಲ್ಲ, ನಡುವಿನ ಕೋಣೆಯಲ್ಲಿರುವ ಒಬ್ಬಳನ್ನು ಬಿಟ್ಟರೆ ಸುತ್ತಲಿನವರು ಎಲ್ಲಿ? ಜೆರ್‌ನ ಸಮಾಧಿಯ ಸುತ್ತ ಸಿಕ್ಕ ಇಂತಹ ಪರಿವಾರದವರ ಸಣ್ಣ ಫಲಕಗಳಲ್ಲಿ ಹೆಚ್ಚಿನವು ಹೆಂಗಸರವು. ಒರಟಾಗಿ ಕೆತ್ತಿದ ಹೆಸರು, ಪಕ್ಕದಲ್ಲಿ ಕುಳಿತ ಹೆಣ್ಣಿನ ಚಿತ್ರ, ಅಷ್ಟೆ. ಅವರ ಬದುಕನ್ನು ನಮ್ಮ ಲೇಖಕಿ ಹೆರೊಡೋಟಸ್‌ನ ಮೂಲಕ ವಿವರಿಸಿದ್ದರು. ಆದರೆ ಹೆರೊಡೋಟಸ್ ಬರೆದದ್ದು ಕ್ರಿ.ಪೂ. ಐದನೆಯ ಶತಮಾನದಲ್ಲಿ. ಮೆರ್ನೈತಳಿಗೆ ಅವನು ಎಷ್ಟು ದೂರವೋ, ನಮಗೂ ಹೆಚ್ಚುಕಡಿಮೆ ಅಷ್ಟೇ ದೂರ. ಗಂಡಸರು ನೇಯುತ್ತಾರೆ ಎಂಬ ಅವನ ಮಾತು ಆರಂಭಕಾಲಕ್ಕೆ ಹೊಂದುವುದೂ ಇಲ್ಲ: ನೆಲದ ಮೇಲೆ ಅಡ್ಡವಾಗಿ ಹೂಡುವ ಮಗ್ಗ ಹಳೆಯ ರಾಜ್ಯ, ಮಧ್ಯ ರಾಜ್ಯ ಎಂದು ಕರೆಯುವ ಕಾಲಘಟ್ಟಗಳಲ್ಲಿ ಹೆಂಗಸರ ಕೈಯಲ್ಲೇ ಇತ್ತು, ಗಂಡಸರು ನಿಲುಮಗ್ಗದ ಮುಂದೆ ಕುಳಿತದ್ದು ಅವುಗಳ ಬಳಿಕದ ಹೊಸ ರಾಜ್ಯದ ಕಾಲದಲ್ಲಿ. ಹಳೆಯ ರಾಜ್ಯದ ಸಮಾಧಿಗಳಲ್ಲಿ ಸಿಗುವ ಆಳುಗಳ ಪ್ರತಿಮೆಗಳಲ್ಲಿ ಕಲ್ಲಿನ ಮೇಲೆ ಬಾಗಿ ಧಾನ್ಯ ಅರೆಯುತ್ತಿರುವವಳು ಹೆಂಗಸು.

ಇದರ ಬಳಿಕ ಲೇಖಕಿಯವರು ತೆಗೆದುಕೊಂಡ ನಿರ್ಧಾರವೇ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ. ಅವರು ಹತ್‌ಶೆಪ್ಸುತ್, ಕ್ಲಿಯೋಪಾತ್ರ ಎಂಬ, ಬಹಳ ಈಚಿನ ಕಾಲದ ಇಬ್ಬರನ್ನೂ ಅಧ್ಯಾಯದಿಂದ ಹೊರಗಿಟ್ಟರು. ಹಳೆಯ ರಾಜ್ಯದ ಅಂತ್ಯಕ್ಕಿಂತ, ಅಂದರೆ ಸುಮಾರು ಕ್ರಿ.ಪೂ. 2200ಕ್ಕಿಂತ, ಈಚಿನ ಯಾವ ಆಧಾರವನ್ನೂ ಆರಂಭಕಾಲದ ಸ್ತ್ರೀಯರ ಸಾಕ್ಷ್ಯವಾಗಿ ಬಳಸುವುದಿಲ್ಲ ಎಂದು ಗೆರೆ ಹಾಕಿಕೊಂಡರು. ಅಧ್ಯಾಯ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧದಲ್ಲಿ ಜಾಗ ಪಡೆದವರು ಬೇರೆಯವರು.

ಸಕ್ಕಾರಾದಲ್ಲಿ ಸಮಾಧಿ ಕಟ್ಟಿಸಿಕೊಂಡ, ಮೂರನೆಯ ಮತ್ತು ನಾಲ್ಕನೆಯ ರಾಜವಂಶಗಳ ಸಂಧಿಕಾಲದ ಅಧಿಕಾರಿ ಮೆಚೆನ್, ತನ್ನ ಆಸ್ತಿಯ ಮೂಲವನ್ನು ಗೋಡೆಯ ಮೇಲೆ ಕೆತ್ತಿಸಿದ್ದಾನೆ. ಅದರಲ್ಲಿ ತಾಯಿ ನೆಬ್‌ಸೆನೆತ್‌ಳಿಂದ ಬಂದ 50 ಅರೂರಾ ಹೊಲದ ಉಲ್ಲೇಖವಿದೆ. ಈಗಿನ ಲೆಕ್ಕದಲ್ಲಿ ಸುಮಾರು 34 ಎಕರೆ. ಆಕೆ ಅದನ್ನು ಮಕ್ಕಳಿಗೆ ಬರೆದುಕೊಟ್ಟ ಪತ್ರಕ್ಕೆ ಈಜಿಪ್ಟಿನ ಹೆಸರು ‘ಇಮ್ಯೆತ್-ಪೆರ್’. ಶಬ್ದಶಃ ‘ಮನೆಯೊಳಗಿರುವುದು’, ವ್ಯವಹಾರದಲ್ಲಿ ಉಯಿಲು. ಹೆಂಗಸೊಬ್ಬಳು ತನ್ನ ಹೆಸರಿನಲ್ಲಿ ಭೂಮಿ ಹೊಂದಿ, ಅದನ್ನು ತಾನೇ ಯಾರಿಗಾದರೂ ಬರೆದುಕೊಡಬಹುದಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಆರಂಭಕಾಲದ ಸಾಕ್ಷ್ಯ ನಮಗೆ ದೊರೆಯಲಿಲ್ಲ. ಆದರೆ ಅದು ನಮಗೆ ತಿಳಿದಿರುವುದು ಮಗನ ಸಮಾಧಿಯ ಗೋಡೆಯಿಂದ. ಗೀಜಾದ ಸಮಾಧಿಯೊಂದರ ಫಲಕದಲ್ಲಿ ಪೆಸೆಶೆತ್ ಎಂಬಾಕೆಗೆ ‘ವೈದ್ಯೆಯರ ಮೇಲ್ವಿಚಾರಕಿ’ ಎಂಬ ಬಿರುದಿದೆ. ಮೇಲ್ವಿಚಾರಕಿ ಇದ್ದಮೇಲೆ ಅವಳ ಕೈಕೆಳಗೆ ವೈದ್ಯೆಯರೂ ಇದ್ದರು. ಹಾಥೋರ್ ಮತ್ತು ನೈತ್ ದೇವಿಯರ ಅರ್ಚಕಿಯರು ಹಳೆಯ ರಾಜ್ಯದುದ್ದಕ್ಕೂ ಹೇರಳವಾಗಿ ಕಾಣಸಿಗುತ್ತಾರೆ. ಆರನೆಯ ರಾಜವಂಶದ ನೆಬೆತ್‌ಳಿಗಂತೂ ಮಹಾಮಂತ್ರಿಯ ಬಿರುದೇ ಇದೆ. ಅವಳು ಅರಸ ಮೊದಲನೆಯ ಪೇಪಿಯ ಅತ್ತೆ (ಹೆಂಡತಿಯ ತಾಯಿ) ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಬೇಕೆಂದು ಪರಿಶೀಲಕರು ಒತ್ತಾಯಿಸಿದರು, ನಾವು ಒಪ್ಪಿದೆವು.

ಏನಾಯಿತು

ಮೊದಲ ವಾಕ್ಯ ಹೋಯಿತು. ಅದರ ಜಾಗದಲ್ಲಿ ಬಂದದ್ದು ಉದ್ದನೆಯ, ಸ್ವಲ್ಪ ಒಡ್ಡೊಡ್ಡಾದ ವಾಕ್ಯ: ಆರಂಭಕಾಲದ ಈಜಿಪ್ಟಿನಲ್ಲಿ ಹೆಂಗಸರು ಭೂಮಿಯನ್ನು ಹೊಂದಬಹುದಾಗಿತ್ತು, ಬರೆದುಕೊಡಬಹುದಾಗಿತ್ತು, ದೇವಾಲಯದ ಸೇವೆಯಲ್ಲಿ ಹುದ್ದೆ ಪಡೆಯಬಹುದಾಗಿತ್ತು, ರಾಜ್ಯದ ಅಧಿಕಾರ ಅವರ ಕೈಗೆ ಬಂದಾಗ ಮಾತ್ರ ಅದು ಬಹುಮಟ್ಟಿಗೆ ಮಗ, ಗಂಡ ಅಥವಾ ಅಳಿಯನ ಸಂಬಂಧದಿಂದ ಬಂತು. ಇದು ಗೋಡೆಗೆ ಅಂಟಿಸಿಕೊಳ್ಳುವಂತಹ ವಾಕ್ಯವಲ್ಲ. ಬಳಗದಲ್ಲಿ ಒಬ್ಬರು ಕೊನೆಯವರೆಗೂ ಹಳೆಯ ವಾಕ್ಯವೇ ಇರಲಿ ಎಂದು ವಾದಿಸಿದರು. ವಿದ್ಯಾರ್ಥಿನಿಯರಿಗೆ ಅದು ಹುಮ್ಮಸ್ಸು ಕೊಡುತ್ತದೆ ಎಂಬುದು ಅವರ ಕಾರಣ. ಆ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹುಮ್ಮಸ್ಸು ಬೇಕಾದರೆ 34 ಎಕರೆ ಬರೆದುಕೊಟ್ಟ ನೆಬ್‌ಸೆನೆತ್ ಕೊಡಬಲ್ಲಳು ಎಂದು ಲೇಖಕಿಯವರು ಉತ್ತರಿಸಿದರು.

ನಾಲ್ಕನೆಯ ಪುಟದ ಪಟ್ಟಿಯಲ್ಲಿ ಕಾಅನ ಮುದ್ರೆಯಂತೆ ಎಂಟು ಅರಸರನ್ನೇ ಉಳಿಸಿ, ಜೆಟ್ ಮತ್ತು ಡೆನ್‌ರ ನಡುವೆ ಸಂಖ್ಯೆ ಕೊಡದ ಒಂದು ಸಾಲನ್ನು ಸೇರಿಸಿದೆವು: ‘ಅರಸನ ತಾಯಿ ಮೆರ್ನೈತ್, ಡೆನ್‌ನ ಬಾಲ್ಯದಲ್ಲಿ ಅಧಿಕಾರ ನಡೆಸಿದಳು ಎಂದು ತಿಳಿಯಲಾಗಿದೆ.’ ‘ಆಳಿದಳು’ ಬದಲು ‘ಅಧಿಕಾರ ನಡೆಸಿದಳು’ ಎಂಬ ಆಯ್ಕೆಗೆ ಒಂದು ಸಂಜೆಯೇ ಹಿಡಿಯಿತು. ಅವಳಿಗೆ ಖಜಾನೆ ಇತ್ತು, ಸಮಾಧಿ ಇತ್ತು, ಪರಿವಾರ ಇತ್ತು, ಗಿಡುಗ ಇರಲಿಲ್ಲ. ಆ ಇಲ್ಲದ ಗಿಡುಗಕ್ಕೆ ಕನ್ನಡದಲ್ಲಿ ಜಾಗ ಮಾಡಿಕೊಡುವ ಕ್ರಿಯಾಪದ ಅದೊಂದೇ ಎಂದು ನಮಗೆ ತೋರಿತು. ಪರಿಶೀಲಕರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಫಲಕ ಮತ್ತು ಸಮಾಧಿ ಎರಡೂ ಅರಸರ ಮಾದರಿಯಲ್ಲೇ ಇರುವಾಗ ನೇರವಾಗಿ ‘ಆಳಿದಳು’ ಎನ್ನಬಹುದಿತ್ತೆಂದು ಅವರು ಈಗಲೂ ಹೇಳುತ್ತಾರೆ. ಹಾಗೆ ಹೇಳುವ ಈಜಿಪ್ಟ್‌ಶಾಸ್ತ್ರಜ್ಞರೂ ಇದ್ದಾರೆ.

ಕೆಲಸದ ಕ್ರಮದಲ್ಲಿ ಉಳಿದ ಬದಲಾವಣೆಗಳು ಸಣ್ಣವು. ಹೆಸರುಗಳ ಕಾಗುಣಿತಕ್ಕೆ ಮೊದಲೇ ಒಂದು ಪಟ್ಟಿ ಮಾಡಿಕೊಂಡು, ಎರಡು ಆಧಾರಗಳಲ್ಲಿ ಎರಡು ಬಗೆಯಾಗಿ ಬಂದ ಹೆಸರನ್ನು ಒಬ್ಬರದೋ ಇಬ್ಬರದೋ ಎಂದು ನೋಡದೆ ಒಳಗೆ ಬಿಡಬಾರದೆಂದು ಮಾಡಿಕೊಂಡೆವು. ಪ್ರತಿ ಸಾಕ್ಷ್ಯದ ಪಕ್ಕದಲ್ಲಿ ಅದು ಯಾವ ರಾಜವಂಶದ ಕಾಲದ್ದೆಂದು ಕರಡಿನಲ್ಲೇ ಬರೆಯತೊಡಗಿದೆವು. ಮೂರು ಸಾವಿರ ವರ್ಷಗಳನ್ನು ಒಂದೇ ಪರಿಚ್ಛೇದದಲ್ಲಿ ಕಲಸುವ ಚಟ ಅದರಿಂದ ಬಹಳ ಕಡಿಮೆಯಾಯಿತು. ಬಿರುದುಗಳನ್ನು ಕನ್ನಡದ ಹತ್ತಿರದ ಹುದ್ದೆಗೆ ಹೊಂದಿಸುವ ಮೊದಲು ಶಬ್ದಶಃ ಅನುವಾದ ಮಾಡಿ ನೋಡುವುದೂ ರೂಢಿಯಾಯಿತು.

ಕೊನೆಗೆ ಉಳಿದದ್ದು ಚಿತ್ರ. ಚಿತ್ರಕಾರರು ಮೊದಲ ಕರಡನ್ನು ನಂಬಿ, ಮೊದಲ ರಾಜವಂಶದ ಒಂಬತ್ತು ಅರಸರು ಸಾಲಾಗಿ ನಿಂತಿರುವ ಚಿತ್ರವನ್ನು ಆಗಲೇ ಬರೆದುಕೊಟ್ಟಿದ್ದರು. ಒಂಬತ್ತು ಜನಕ್ಕೂ ಗಡ್ಡವಿತ್ತು, ಐದನೆಯವನ ಕೆಳಗೆ ಮೆರ್ನೈತ್ ಎಂದು ಬರೆದಿತ್ತು. ಆ ಗಡ್ಡವನ್ನು ಅಳಿಸಿಕೊಡುತ್ತೇನೆ ಎಂದು ಅವರು ಸಂಕೋಚದಿಂದಲೇ ಹೇಳಿದರು. ಅವರ ಮುಂದೆ ಡೆನ್‌ನ ಮುದ್ರೆಯ ರೇಖಾಚಿತ್ರವನ್ನು ಇಟ್ಟು, ಅದನ್ನೇ ದೊಡ್ಡದಾಗಿ ಬರೆದುಕೊಡುವಂತೆ ಕೇಳಿದೆವು. ಈಗ ಪುಸ್ತಕದ ಆ ಪುಟದಲ್ಲಿ ಮನುಷ್ಯರಿಲ್ಲ. ಐದು ಗಿಡುಗಗಳಿವೆ, ಅವುಗಳ ಜೊತೆಗೆ ಗಿಡುಗವಿಲ್ಲದ ಒಂದು ಹೆಸರು.